ದೊಡ್ಡಪ್ಪನ ಟ್ರಂಕಿನಲ್ಲಿ ಸಿಕ್ಕ ವರ್ಲ್ಡ್ಸ್ ಫೇರ್ ರೆಕಾರ್ಡುಗಳು: ಇವು ಏನು, ಹೇಗೆ ಕೇಳೋದು, ಹೇಗೆ ಕಾಪಾಡೋದು?

ಪ್ರಶ್ನೆ: ನಮಸ್ಕಾರ ಸಾರ್. ನಮ್ಮ ದೊಡ್ಡಪ್ಪ 1964-65ರಲ್ಲಿ ನ್ಯೂಯಾರ್ಕಲ್ಲಿ ಓದ್ತಿದ್ರು. ಈಗ ಅವರಿಲ್ಲ. ಮೈಸೂರಿನ ಮನೆ ಖಾಲಿ ಮಾಡುವಾಗ ಅವರ ಟ್ರಂಕಲ್ಲಿ ಎರಡು ರೆಕಾರ್ಡ್ ಸಿಕ್ಕಿದ್ವು. ಒಂದು ಏಳು ಇಂಚಿನ ಚಿಕ್ಕದು, ಟ್ರಾವೆಲರ್ಸ್ ಅನ್ನೋ ಇನ್ಶೂರೆನ್ಸ್ ಕಂಪನಿಯ 'ದ ಟ್ರಯಂಫ್ ಆಫ್ ಮ್ಯಾನ್'. ಇನ್ನೊಂದು ದೊಡ್ಡ ಎಲ್‌ಪಿ, ಡಿಸ್ನಿಯವರ 'ಇಟ್ಸ್ ಎ ಸ್ಮಾಲ್ ವರ್ಲ್ಡ್', ಒಳಗೆ ಚಿತ್ರದ ಪುಸ್ತಕ ಇದೆ. ಇನ್ಶೂರೆನ್ಸ್ ಕಂಪನಿಯವರು ರೆಕಾರ್ಡ್ ಯಾಕೆ ಮಾಡಿದ್ರು? ಚಿಕ್ಕದನ್ನ ಹಾಕಿದ್ರೆ ಮಾತೆಲ್ಲ ಕೀಚಲು ದನಿಯಲ್ಲಿ ಗಡಿಬಿಡಿಯಾಗಿ ಓಡುತ್ತೆ, ಹಾಳಾಗಿದ್ಯಾ? ಜೊತೆಗಿದ್ದ ಫೇರ್ ಪೋಸ್ಟ್‌ಕಾರ್ಡ್ ಹಿಂದೆ 1961 ಅಂತಿದೆ, ಫೇರ್ ನಡೆದಿದ್ದು 64ರಲ್ಲಿ ಅಲ್ವಾ? ಮನೇಲಿರೋ ಹಳೇ ಎಚ್‌ಎಂವಿ ಪೋರ್ಟಬಲ್‌ನಲ್ಲಿ ಹಾಕಬಹುದಾ? ಇವಕ್ಕೆ ಬೆಲೆ ಇದ್ಯಾ?

ಉತ್ತರ: ನಮಸ್ಕಾರ. ಮೊದಲು ಆ ಕೀಚಲು ದನಿ ವಿಚಾರ ಮುಗಿಸಿಬಿಡ್ತೀನಿ, ಯಾಕಂದ್ರೆ ಅದನ್ನ ಓದಿ ನಂಗೆ ಸ್ವಲ್ಪ ಆತಂಕ ಆಯ್ತು, ಹಾಳಾಗಿದೆ ಅಂದ್ಕೊಂಡು ನೀವು ಎಸೆದುಬಿಟ್ರೆ ಅಂತ. ನಿಮ್ಮ ರೆಕಾರ್ಡ್ ಚೆನ್ನಾಗೇ ಇದೆ. ಏಳು ಇಂಚಿನ ರೆಕಾರ್ಡ್ ಅಂದ್ರೆ 45 ಸ್ಪೀಡು, ಅಂದ್ರೆ ನಿಮಿಷಕ್ಕೆ 45 ಸುತ್ತು, ಅನ್ನೋದು ನಮಗೆಲ್ಲ ಸಿನಿಮಾ ಹಾಡಿನ ಪ್ಲೇಟುಗಳಿಂದ ಬಂದ ಅಭ್ಯಾಸ, ಆದ್ರೆ ಇದು ಚಿಕ್ಕ ಸೈಜಲ್ಲಿ 33⅓ ಸ್ಪೀಡಿನ ರೆಕಾರ್ಡು. ಕಂಪನಿಗಳು ಹಂಚೋಕೆ, ಮಾರೋಕೆ ಮಾಡಿಸ್ತಿದ್ದ ಮಾತಿನ ರೆಕಾರ್ಡುಗಳಲ್ಲಿ ಈ ಜೋಡಣೆ ತುಂಬಾ ಸಾಮಾನ್ಯ. ಚಿಕ್ಕ ಪ್ಲೇಟು, ವಿನೈಲ್ (ರೆಕಾರ್ಡ್ ಮಾಡೋ ಪ್ಲಾಸ್ಟಿಕ್) ಕಮ್ಮಿ, ಬ್ಯಾಗಲ್ಲಿ ಹಿಡಿಸುತ್ತೆ, ಸ್ಪೀಡ್ ಕಡಿಮೆ ಆದ್ರಿಂದ ಒಂದು ಸೈಡಲ್ಲಿ 45ಕ್ಕಿಂತ ಜಾಸ್ತಿ ನಿಮಿಷ ಕೂರುತ್ತೆ. ಸಂಗೀತಕ್ಕೆ ಇದು ಅಷ್ಟು ಒಳ್ಳೇದಲ್ಲ, ಒಳಗಡೆ ಹೋಗ್ತಾ ಹೋಗ್ತಾ ಸದ್ದು ಮಬ್ಬಾಗುತ್ತೆ, ಆದ್ರೆ ಒಬ್ಬ ನಿರೂಪಕ ಗಂಭೀರವಾಗಿ ಕಥೆ ಹೇಳೋದಕ್ಕೆ ಧಾರಾಳ ಸಾಕು. ಸ್ಪೀಡ್ ಸ್ವಿಚ್ 33ಕ್ಕೆ ತನ್ನಿ, ಸರಿಹೋಗುತ್ತೆ. ಆದ್ರೆ ಇವತ್ತೇ ಹಾಕ್ಬೇಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಈಗ ಆ ಫೇರ್ ಬಗ್ಗೆ ಒಂದಿಷ್ಟು ಗೊತ್ತಿರಬೇಕು, ಇಲ್ಲಾಂದ್ರೆ ಇನ್ಶೂರೆನ್ಸ್ ಕಂಪನಿಗೂ ರೆಕಾರ್ಡಿಗೂ ಏನು ಸಂಬಂಧ ಅನ್ನೋದು ಅರ್ಥ ಆಗಲ್ಲ. ನ್ಯೂಯಾರ್ಕ್ ವರ್ಲ್ಡ್ಸ್ ಫೇರ್, ಅಂದ್ರೆ ದೇಶಗಳು, ಕಂಪನಿಗಳು ಸೇರಿ ಇಡೋ ದೊಡ್ಡ ವಸ್ತುಪ್ರದರ್ಶನ, ನಡೆದಿದ್ದು ಕ್ವೀನ್ಸ್‌ನ ಫ್ಲಶಿಂಗ್ ಮೆಡೋಸ್‌ನಲ್ಲಿ, 1964ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದು ಸೀಸನ್, ಚಳಿಗಾಲಕ್ಕೆ ಮುಚ್ಚಿ ಮತ್ತೆ 1965ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಇನ್ನೊಂದು. ಎರಡೂ ಸೇರಿ ಸುಮಾರು 5.1 ಕೋಟಿ ಜನ ಬಂದಿದ್ರು. ಇದರ ಮುಖ್ಯಸ್ಥ ರಾಬರ್ಟ್ ಮೋಸೆಸ್, ನ್ಯೂಯಾರ್ಕಿನ ರಸ್ತೆ ಸೇತುವೆ ಪಾರ್ಕುಗಳನ್ನೆಲ್ಲ ಕಟ್ಟಿಸಿದ ಮನುಷ್ಯ. ಅವರು ಪ್ಯಾರಿಸ್‌ನಲ್ಲಿರೋ ಅಂತಾರಾಷ್ಟ್ರೀಯ ಎಕ್ಸಿಬಿಷನ್ ಬ್ಯೂರೋದ ನಿಯಮಗಳಿಗೆ ಒಪ್ಪಲಿಲ್ಲ, ಹಾಗಾಗಿ ಈ ಫೇರಿಗೆ ಅಧಿಕೃತ ಮಾನ್ಯತೆನೇ ಸಿಗಲಿಲ್ಲ, ಯೂರೋಪಿನ ಎಷ್ಟೋ ದೇಶಗಳು ಸರ್ಕಾರದ ಮಟ್ಟದಲ್ಲಿ ಬರಲೇ ಇಲ್ಲ. (ಭಾರತದ ಪೆವಿಲಿಯನ್, ಅಂದ್ರೆ ಪ್ರದರ್ಶನದ ಕಟ್ಟಡ, ಇತ್ತು, ಟ್ರಂಕಿನ ತಳದಲ್ಲಿ ಅದರ ಚೀಟಿ ಪತ್ರ ಏನಾದ್ರೂ ಇದೆಯಾ ನೋಡಿ.) ಆ ಖಾಲಿ ಜಾಗದಲ್ಲಿ ಮೆರೆದಿದ್ದು ಅಮೆರಿಕದ ಕಂಪನಿಗಳು. ಜನರಲ್ ಮೋಟರ್ಸ್, ಫೋರ್ಡ್, ಜನರಲ್ ಎಲೆಕ್ಟ್ರಿಕ್, ಐಬಿಎಂ, ಡುಪಾಂಟ್, ಕೊಡಾಕ್, ಬೆಲ್ ಟೆಲಿಫೋನ್, ಕೋಕಾ ಕೋಲಾ, ಪೆಪ್ಸಿ, ಒಬ್ಬೊಬ್ಬರದ್ದೂ ಒಂದೊಂದು ಅರಮನೆ. ನಮ್ಮ ದಸರಾ ಎಕ್ಸಿಬಿಷನ್‌ನಲ್ಲಿ ಇಲಾಖೆಗಳ ಮಳಿಗೆ ಇರುತ್ವಲ್ಲ, ಆ ಜಾಗದಲ್ಲೆಲ್ಲ ಕಂಪನಿಗಳು ಕೋಟಿಗಟ್ಟಲೆ ಸುರಿದು ನಾಟಕ, ಸಿನಿಮಾ, ರೈಡು ಇಟ್ಟಿದ್ರೆ ಹೇಗಿರುತ್ತೆ ಅಂತ ಊಹಿಸಿಕೊಳ್ಳಿ.

ಅಲ್ಲಿ ವ್ಯಾಪಾರ ನೇರವಾಗಿ ನಡೀತಿರಲಿಲ್ಲ. ಬೇಸಿಗೆ ಬಿಸಿಲಲ್ಲಿ ಗಂಟೆಗಟ್ಟಲೆ ಕ್ಯೂ ನಿಂತು ಒಳಗೆ ಬಂದವರ ಹತ್ರ ಪಾಲಿಸಿ ತಗೊಳ್ಳಿ ಅಂದ್ರೆ ಯಾರು ತಗೋತಾರೆ? ಮನಸ್ಸಲ್ಲಿ ಹೆಸರು ಕೂತ್ಕೊಂಡ್ರೆ ಸಾಕು, ಒಳ್ಳೆ ಭಾವನೆ ಜೊತೆ. ಟ್ರಾವೆಲರ್ಸ್ ಕಂಪನಿಯ ಚಿಹ್ನೆ ಕೆಂಪು ಛತ್ರಿ, ಅದಕ್ಕೇ ಪೆವಿಲಿಯನ್ ಚಾವಣಿನೇ ಒಂದು ದೊಡ್ಡ ಕೆಂಪು ಛತ್ರಿ ಆಕಾರ. ಒಳಗೆ ಹೋದ್ರೆ ಇನ್ಶೂರೆನ್ಸ್ ಸುದ್ದಿ ಕಮ್ಮಿ, ಮನುಷ್ಯನ ಇಡೀ ಕಥೆ ದೃಶ್ಯ ದೃಶ್ಯವಾಗಿ ಬೊಂಬೆ ಮತ್ತೆ ಬೆಳಕಿನಲ್ಲಿ ಕಟ್ಟಿಟ್ಟಿದ್ರು, ಭೂಮಿ ಮೇಲೆ ಜೀವ ಶುರುವಾದಲ್ಲಿಂದ ಬಾಹ್ಯಾಕಾಶ ಯುಗದ ತನಕ. ಜನ ಕತ್ತಲಲ್ಲಿ ನಡ್ಕೊಂಡು ಹೋಗ್ತಾ ಒಂದೊಂದು ದೃಶ್ಯದ ಮುಂದೆ ನಿಂತು ನಿರೂಪಣೆ, ಸಂಗೀತ ಕೇಳ್ತಿದ್ರು. ಗಂಡಾಂತರ ಬರುತ್ತೆ, ಮನುಷ್ಯ ಎದುರಿಸ್ತಾನೆ, ದಾಟಿ ಮುಂದೆ ಹೋಗ್ತಾನೆ. ಈಗ ಯೋಚನೆ ಮಾಡಿ, ಗಂಡಾಂತರ ಅನ್ನೋದೇ ಇನ್ಶೂರೆನ್ಸ್ ಕಂಪನಿಯ ಕಸುಬು! ಎಲ್ಲೂ ಪಾಲಿಸಿ ಅನ್ನದೇನೇ ಇಡೀ ಇತಿಹಾಸವನ್ನ ತಮ್ಮ ಕಸುಬಿನ ಕಡೆ ತಿರುಗಿಸಿದ್ದು ಬಹಳ ಜಾಣತನದ ಕೆಲಸ ಅಂತ ನಂಗೆ ಇವತ್ತಿಗೂ ಅನ್ಸುತ್ತೆ. ನಿಮ್ಮ ಕೈಯಲ್ಲಿರೋ ಚಿಕ್ಕ ರೆಕಾರ್ಡು ಆ ಪ್ರದರ್ಶನವನ್ನ ಮನೆಗೆ ತಗೊಂಡು ಹೋಗೋ ದಾರಿ. ಮನೇಲಿ ಮಕ್ಕಳ ಜೊತೆ ಕೂತು ಇನ್ನೊಂದು ಸಲ ಕೇಳ್ತಾರೆ, ಕಂಪನಿ ಹೆಸರು ಡ್ರಾಯಿಂಗ್ ರೂಮಲ್ಲಿ ವರ್ಷಗಟ್ಟಲೆ ಉಳಿಯುತ್ತೆ.

ಇದು ಸಾಧ್ಯ ಆಗಿದ್ದೇ ವಿನೈಲ್‌ನಿಂದ. 1939ರಲ್ಲಿ ಇದೇ ಜಾಗದಲ್ಲಿ ಒಂದು ವರ್ಲ್ಡ್ಸ್ ಫೇರ್ ಆಗಿತ್ತು, ಆಗ ಮನೆಗಳಲ್ಲಿದ್ದಿದ್ದು ಅರಗಿನ 78 ರೆಕಾರ್ಡು. ಭಾರ, ಕೈ ಜಾರಿದ್ರೆ ಚೂರು, ಒಂದು ಸೈಡಿಗೆ ಮೂರು ನಾಲ್ಕು ನಿಮಿಷ ಅಷ್ಟೇ. ಕೊಲಂಬಿಯಾದವರು 1948ರಲ್ಲಿ ಎಲ್‌ಪಿ ತಂದ್ರು, ಮರುವರ್ಷ ಆರ್‌ಸಿಎ ವಿಕ್ಟರ್ 45 ತಂತು, ಆಮೇಲೆ ಹಗುರವಾದ, ಒಡೆಯದ, ಅಗ್ಗದ ರೆಕಾರ್ಡ್ ಅನ್ನೋದು ಬಂತು. ದೊಡ್ಡ ರೆಕಾರ್ಡ್ ಕಂಪನಿಗಳೆಲ್ಲ ತಮ್ಮದೇ ಕಸ್ಟಮ್ ವಿಭಾಗ ತೆರೆದ್ವು, ಯಾರು ಟೇಪ್ ತಂದು ದುಡ್ಡು ಕೊಟ್ರೂ ಪ್ರೆಸ್ ಮಾಡಿಕೊಡೋ ವಿಭಾಗ, ಚರ್ಚ್ ಕಾಯರ್‌ನಿಂದ ಹಿಡಿದು ಟ್ರ್ಯಾಕ್ಟರ್ ಕಂಪನಿ ತನಕ. 1958ರ ಬ್ರಸೆಲ್ಸ್‌ನಿಂದ 1962ರ ಸಿಯಾಟಲ್, 64ರ ನ್ಯೂಯಾರ್ಕ್, 67ರ ಮಾಂಟ್ರಿಯಲ್, 70ರ ಒಸಾಕಾ ತನಕದ ಹನ್ನೆರಡು ಹದಿಮೂರು ವರ್ಷನೇ ಈ ರೆಕಾರ್ಡುಗಳ ಒಳ್ಳೇ ಕಾಲ. ಆಮೇಲೆ ಕ್ಯಾಸೆಟ್ ಬಂತು.

ನಿಮ್ಮ ಎರಡನೇ ರೆಕಾರ್ಡ್ ಇದಕ್ಕಿಂತ ಬೇರೆ ಜಾತಿ. 'ಇಟ್ಸ್ ಎ ಸ್ಮಾಲ್ ವರ್ಲ್ಡ್' ಅನ್ನೋದು ಪೆಪ್ಸಿ ಕೋಲಾ ಕಂಪನಿ ಯುನಿಸೆಫ್ ಹೆಸರಲ್ಲಿ ಇಟ್ಟಿದ್ದ ದೋಣಿ ರೈಡು, ಮಾಡಿಕೊಟ್ಟಿದ್ದು ವಾಲ್ಟ್ ಡಿಸ್ನಿ ಸಂಸ್ಥೆ. ಆ ಫೇರಲ್ಲಿ ಡಿಸ್ನಿಯವರು ನಾಲ್ಕು ಪ್ರದರ್ಶನ ಮಾಡಿದ್ರು: ಪೆಪ್ಸಿಗೆ ಇದು, ಜನರಲ್ ಎಲೆಕ್ಟ್ರಿಕ್‌ಗೆ ಕ್ಯಾರೊಸೆಲ್ ಆಫ್ ಪ್ರೋಗ್ರೆಸ್, ಫೋರ್ಡ್‌ಗೆ ಮ್ಯಾಜಿಕ್ ಸ್ಕೈವೇ, ಇಲಿನಾಯ್ ರಾಜ್ಯಕ್ಕೆ ಮಾತಾಡೋ ಲಿಂಕನ್ ಬೊಂಬೆ. ಸ್ಮಾಲ್ ವರ್ಲ್ಡ್‌ನ ಬಣ್ಣ, ರೂಪ ಎಲ್ಲ ಮೇರಿ ಬ್ಲೇರ್ ಅನ್ನೋ ಕಲಾವಿದೆಯದ್ದು, ಹಾಡು ರಾಬರ್ಟ್ ಮತ್ತು ರಿಚರ್ಡ್ ಶರ್ಮನ್ ಸಹೋದರರದ್ದು. ಮೊದಲು ಒಂದೊಂದು ದೇಶದ ಬೊಂಬೆಗಳು ಆ ದೇಶದ ರಾಷ್ಟ್ರಗೀತೆನೇ ಹಾಡಲಿ ಅಂತ ಯೋಚನೆ ಮಾಡಿದ್ರಂತೆ, ಎಲ್ಲ ಒಟ್ಟಿಗೆ ಕೇಳಿದ್ರೆ ಬರೀ ಗದ್ದಲ. ಆಗ ಶರ್ಮನ್ ಸಹೋದರರು ಒಂದೇ ಹಾಡು ಬರೆದ್ರು, ಅದರ ಎರಡು ಭಾಗಗಳನ್ನ ಒಂದರ ಮೇಲೊಂದು ಹಾಡಿದ್ರೂ ಹೊಂದಿಕೊಳ್ಳೋ ಹಾಗೆ. ರೈಡಿನೊಳಗೆ ಒಂದು ಕೋಣೆಯಲ್ಲಿ ಒಂದು ಭಾಷೆ, ಪಕ್ಕದ ಕೋಣೆಯಲ್ಲಿ ಇನ್ನೊಂದು, ದೋಣಿ ಒಂದರಿಂದ ಇನ್ನೊಂದಕ್ಕೆ ತೇಲ್ತಾ ಹೋಗುವಾಗ ಎರಡೂ ಒಟ್ಟಿಗೆ ಕಿವಿಗೆ ಬೀಳುತ್ತೆ, ಶ್ರುತಿ ಲಯ ಎರಡೂ ಒಂದೇ ಆದ್ರಿಂದ ಜಗಳ ಆಗಲ್ಲ. ಇದನ್ನ ಯೋಚಿಸಿ ಮಾಡಿದ ಸಂಗೀತಗಾರರಿಗೆ ನಾನು ಮನಸಾರೆ ಕೈ ಮುಗೀತೀನಿ. ಪೆಪ್ಸಿ ಖರ್ಚಲ್ಲಿ ಆದ ರೈಡಿನ ಈ ಎಲ್‌ಪಿ ಹೊರಡಿಸಿದ್ದು ಡಿಸ್ನಿಯವರದ್ದೇ ಲೇಬಲ್ಲು ಡಿಸ್ನಿಲ್ಯಾಂಡ್ ರೆಕಾರ್ಡ್ಸ್, ಅದು ಆ ಹೊತ್ತಿಗೆ ಮಕ್ಕಳ ರೆಕಾರ್ಡಿನಲ್ಲಿ ಪಳಗಿದ ಸಂಸ್ಥೆ. ರೈಡು ಫೇರ್ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿಗೆ ಹೋಯ್ತು, 1966ರ ಮೇ ತಿಂಗಳಲ್ಲಿ ಅಲ್ಲಿ ಶುರುವಾಯ್ತು, ಇವತ್ತಿಗೂ ಓಡ್ತಿದೆ.

ಈ ಎರಡು ರೆಕಾರ್ಡಿನ ಮಧ್ಯೆ ಇರೋ ದೊಡ್ಡ ವ್ಯತ್ಯಾಸ ಇದೇನೇ. ಒಂದರ ರೈಡು ಉಳಿದಿದೆ, ಹಾಡನ್ನ ಲಕ್ಷಾಂತರ ಜನ ಈಗಲೂ ಕೇಳ್ತಾರೆ. ಇನ್ನೊಂದರ ಪೆವಿಲಿಯನ್ ಇಲ್ಲ, ಛತ್ರಿ ಚಾವಣಿ ಇಲ್ಲ, ಕತ್ತಲ ದಾರಿ ಇಲ್ಲ. ಫೇರ್ ಮುಗಿದ ಮೇಲೆ ಹೆಚ್ಚಿನ ಕಟ್ಟಡ ಕೆಡವಲೇಬೇಕು ಅನ್ನೋದು ಮೊದಲೇ ಆಗಿದ್ದ ಕರಾರು. ಆ ಪೆವಿಲಿಯನ್ ಹೇಗಿತ್ತು ಅನ್ನೋದನ್ನ ಫೋಟೋ ನೋಡಿ ತಿಳಿಬಹುದು, ಅಲ್ಲಿ ಯಾವ ದನಿ ಯಾವ ಧಾಟಿಯಲ್ಲಿ ಮಾತಾಡ್ತು ಅನ್ನೋದನ್ನ ಕೇಳಬೇಕು ಅಂದ್ರೆ ಇಂಥ ಪುಟ್ಟ ಪ್ಲೇಟೇ ಗತಿ. ದುಡ್ಡಿನ ಲೆಕ್ಕ ಪಕ್ಕಕ್ಕಿಟ್ಟು ಹೇಳಬೇಕಂದ್ರೆ, ನಿಮ್ಮ ಟ್ರಂಕಲ್ಲಿ ಸಿಕ್ಕ ಎರಡರಲ್ಲಿ ಹೆಚ್ಚು ಮುಖ್ಯವಾದ್ದು ಆ ಚಿಕ್ಕದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಆದ್ರೆ ಒಂದು ಎಚ್ಚರಿಕೆ. ರೆಕಾರ್ಡಲ್ಲಿ ಕೇಳಿಸೋದೇ ಪೆವಿಲಿಯನ್ ಒಳಗೂ ಕೇಳಿಸ್ತಿತ್ತು ಅಂತ ಅಂದ್ಕೋಬೇಡಿ. ಪೆವಿಲಿಯನ್ ಸೌಂಡಿಗೆ ಆದಿ ಅಂತ್ಯ ಇರಲ್ಲ. ಒಂದೊಂದು ದೃಶ್ಯಕ್ಕೂ ಬೇರೆ ಬೇರೆ ಟೇಪ್, ಬೆಳಿಗ್ಗೆಯಿಂದ ರಾತ್ರಿ ತನಕ ಸುತ್ತುತ್ತಾ ಇರುತ್ತೆ, ಹತ್ತಾರು ಸ್ಪೀಕರ್, ಪಕ್ಕದ ದೃಶ್ಯದ ಸದ್ದು ಇಲ್ಲಿಗೂ ಸೋರುತ್ತೆ, ಜನರ ಗಲಾಟೆ ಬೇರೆ. ಇದನ್ನ ಎರಡು ಸೈಡಿಗೆ ಇಳಿಸಬೇಕಾದ್ರೆ ಯಾರೋ ಒಬ್ಬರು ಕೂತು ಕತ್ತರಿಸಬೇಕು, ಕಣ್ಣಿಗೆ ಕಾಣ್ತಿದ್ದನ್ನ ಮಾತಲ್ಲಿ ಹೇಳಿಸಬೇಕು, ಸಂಗೀತ ಜೋಡಿಸಬೇಕು, ಉಳಿದಿದ್ದನ್ನ ಪುಸ್ತಕದ ಚಿತ್ರಕ್ಕೆ ಬಿಡಬೇಕು. ಹಾಗಾಗಿ ಇಂಥ ರೆಕಾರ್ಡು ಅಂದ್ರೆ ಕಂಪನಿಯವರು ತಮ್ಮನ್ನ ಜನ ಹೇಗೆ ನೆನಪಿಟ್ಕೋಬೇಕು ಅಂತ ಬಯಸಿದ್ರೋ ಆ ರೂಪ. ಜನ ನಿಜಕ್ಕೂ ಅನುಭವಿಸಿದ್ದು ಏನು ಅನ್ನೋದಕ್ಕೆ ಬೇರೆ ಕಡೆ ಹುಡುಕಬೇಕು. ಡಿಸ್ನಿಯವರ ನಾಲ್ಕು ಪ್ರದರ್ಶನಗಳ ಸೌಂಡನ್ನೇ ತಗೊಳ್ಳಿ, ತಾಲೀಮಿನ ತುಣುಕು, ಬಿಟ್ಟುಹೋದ ಭಾಗ ಎಲ್ಲ ಸೇರಿಸಿ ಐದು ಸಿಡಿಗಳ ಸೆಟ್ಟಾಗಿ ಬಂದಿದ್ದು 2009ರಲ್ಲಿ, ಅಂದ್ರೆ ಫೇರ್ ಶುರುವಾಗಿ 45 ವರ್ಷ ಆದ ಮೇಲೆ. ಡಿಸ್ನಿಯಂಥ ಸಂಸ್ಥೆ ಟೇಪುಗಳನ್ನ ಜೋಪಾನವಾಗಿ ಇಟ್ಟಿತ್ತು, ಆಯ್ತು. ಬೇರೆ ಕಂಪನಿಗಳ ಮುಖ್ಯ ಕೆಲಸ ಸೋಪು, ಟೈರು, ಪಾಲಿಸಿ, ಅವರಿಗೆ ಈ ಟೇಪು ಕಾಪಾಡೋ ದರ್ದು ಏನಿತ್ತು ಹೇಳಿ.

ಪೆವಿಲಿಯನ್ ಸದ್ದಿಗೂ ರೆಕಾರ್ಡಿಗೂ ಇರೋ ಈ ಅಂತರದ ಅತಿ ದೊಡ್ಡ ಉದಾಹರಣೆ ನ್ಯೂಯಾರ್ಕಿಗಿಂತ ಮುಂಚಿನದ್ದು. 1958ರ ಬ್ರಸೆಲ್ಸ್ ಎಕ್ಸ್‌ಪೋದಲ್ಲಿ ಫಿಲಿಪ್ಸ್ ಕಂಪನಿ, ಹೌದು ನಮ್ಮ ಮನೆಗಳ ರೇಡಿಯೋ, ಬಲ್ಬಿನ ಫಿಲಿಪ್ಸೇ, ತನ್ನ ಪೆವಿಲಿಯನ್ನನ್ನ ಲೆ ಕಾರ್ಬೂಸಿಯೇ ಅವರಿಗೆ ಒಪ್ಪಿಸ್ತು, ಚಂಡೀಗಢ ಕಟ್ಟಿದವರು. ಕಟ್ಟಡದ ರೂಪ ಕೂಡಿಸಿದ್ದು ಅವರ ಆಫೀಸಲ್ಲಿದ್ದ ಯಾನಿಸ್ ಸೆನಾಕಿಸ್, ಆತ ಎಂಜಿನಿಯರೂ ಹೌದು ಸಂಗೀತಗಾರನೂ ಹೌದು. ಒಳಗೆ ಎಡ್ಗಾರ್ ವಾರೆಸ್ ಅವರ 'ಪೊಯೆಮ್ ಎಲೆಕ್ಟ್ರಾನಿಕ್' ಅನ್ನೋ ಎಂಟು ನಿಮಿಷದ ಸಂಗೀತ, ಸೈರನ್, ಗಂಟೆ, ಮನುಷ್ಯರ ದನಿ, ಯಂತ್ರದ ಸದ್ದು ಎಲ್ಲ ಟೇಪಲ್ಲಿ ಕತ್ತರಿಸಿ ಜೋಡಿಸಿದ್ದು. ಬಾಗಿದ ಕಾಂಕ್ರೀಟ್ ಗೋಡೆಗಳ ತುಂಬ ನೂರಾರು ಸ್ಪೀಕರ್, ಸದ್ದು ಗೋಡೆ ಮೇಲೆ ಹರಿದಾಡ್ಕೊಂಡು ತಲೆ ಮೇಲಿಂದ ಹಾದು ಹೋಗ್ತಿತ್ತಂತೆ. 1959ರ ಜನವರಿಯಲ್ಲಿ ಅದನ್ನ ಕೆಡವಿದ್ರು. 1960ರಲ್ಲಿ ಕೊಲಂಬಿಯಾದವರು ವಾರೆಸ್ ಸಂಗೀತದ ಎಲ್‌ಪಿ ತಂದಾಗ ಈ ಕೃತಿನೂ ಅದರಲ್ಲಿ ಬಂತು, ನೂರಾರು ಸ್ಪೀಕರಿನ ಸದ್ದು ಎರಡು ಚಾನೆಲ್ಲಿಗೆ ಇಳಿದು. ಅಷ್ಟಾದ್ರೂ ಆ ಎಲ್‌ಪಿ ಕೇಳಿಯೇ ಮುಂದಿನ ತಲೆಮಾರಿನ ಎಷ್ಟೋ ಜನ ಎಲೆಕ್ಟ್ರಾನಿಕ್ ಸಂಗೀತಕ್ಕೆ ಬಂದ್ರು.

ಒಸಾಕಾದಲ್ಲಿ ಇದಕ್ಕಿಂತ ಜೋರು. 1970ರ ಎಕ್ಸ್‌ಪೋದಲ್ಲಿ ಜಪಾನಿನ ಉಕ್ಕು ಕಂಪನಿಗಳ ಒಕ್ಕೂಟ ಒಂದು ಸ್ಟೀಲ್ ಪೆವಿಲಿಯನ್ ಕಟ್ಟಿಸಿತ್ತು, ಒಳಗಿನ ಸ್ಪೇಸ್ ಥಿಯೇಟರ್‌ನ ಸಂಗೀತದ ಹೊಣೆ ತೋರು ತಕೆಮಿತ್ಸು ಅನ್ನೋ ಜಪಾನಿ ಸಂಗೀತ ಸಂಯೋಜಕರದ್ದು. ನೆಲದ ಕೆಳಗೆ, ಗೋಡೆಲಿ, ಚಾವಣಿಲಿ ಎಲ್ಲ ಸೇರಿ ಸುಮಾರು ಒಂದು ಸಾವಿರ ಸ್ಪೀಕರ್. ಸೆನಾಕಿಸ್ ಅಲ್ಲಿಗೂ ಬಂದು 'ಹಿಬಿಕಿ ಹಾನಾ ಮಾ' ಅನ್ನೋ 12 ಚಾನೆಲ್ ಟೇಪಿನ ಕೃತಿ ಮಾಡಿಕೊಟ್ರು. ಅದೂ ಜಪಾನಿನಲ್ಲಿ ಎಲ್‌ಪಿಯಾಗಿ ಬಂದಿದೆ. ಸಂತೋಷದ ಸಂಗತಿ ಅಂದ್ರೆ ಆ ಕಟ್ಟಡ ಮಾತ್ರ ಉಳಿದಿದೆ, ಈಗ ಎಕ್ಸ್‌ಪೋ ಮ್ಯೂಸಿಯಂ ಆಗಿದೆ, ಥಿಯೇಟರ್ ಭಾಗವನ್ನ ಗಾಜಿನಾಚೆಯಿಂದ ನೋಡಬಹುದು. ಉಕ್ಕು ಮಾರೋರು, ಬಲ್ಬು ಮಾರೋರು ಆ ಕಾಲದ ಅತಿ ಹೊಸ ಸಂಗೀತಕ್ಕೆ ದುಡ್ಡು ಹಾಕಿದ್ರು ಅನ್ನೋದು ಮರೆತುಹೋಗಬಾರದ ವಿಷಯ, ಜಾಹೀರಾತು ಅಂತ ಮೂಗು ಮುರಿಯೋರಿಗೆ ನಾನು ಯಾವಾಗ್ಲೂ ಇದನ್ನೇ ಹೇಳೋದು.

ಇಲ್ಲಿಂದ ನಿಮ್ಮ ಬೆಲೆ ಪ್ರಶ್ನೆಗೆ ಬರ್ತೀನಿ. ನೇರವಾಗಿ ಹೇಳ್ಬೇಕಂದ್ರೆ ನಿಮ್ಮ ಎರಡೂ ರೆಕಾರ್ಡಿಗೆ ದೊಡ್ಡ ದುಡ್ಡು ಬರಲ್ಲ. ಕೋಟಿಗಟ್ಟಲೆ ಜನ ಬಂದ ಫೇರು, ನೆನಪಿಗೆ ಅಂತಲೇ ಮಾಡಿದ ವಸ್ತು, ಜನ ಜೋಪಾನವಾಗಿ ಎತ್ತಿಟ್ಟುಕೊಂಡಿದ್ದಾರೆ, ಅಮೆರಿಕದ ಹಳೇ ಸಾಮಾನಿನ ಅಂಗಡಿಗಳಲ್ಲಿ ಇವು ಬೇಕಾದಷ್ಟು ಸಿಗ್ತವೆ. ಹಳೇದು ಅಂದ ಮಾತ್ರಕ್ಕೆ ಬೆಲೆ ಏರಲ್ಲ. ಏರೋದು ಯಾವುದಕ್ಕೆ ಅಂದ್ರೆ, ಫೇರಿನ ಹಂಗಿಲ್ಲದೇನೂ ಯಾರಾದ್ರೂ ಆ ಸಂಗೀತವನ್ನ ಬಯಸಿದಾಗ. 1962ರ ಸಿಯಾಟಲ್ ಫೇರಲ್ಲಿ ಬಬ್ಲೇಟರ್ ಅಂತ ಒಂದು ಗೋಳಾಕಾರದ ಪಾರದರ್ಶಕ ಲಿಫ್ಟ್ ಇತ್ತು, ಜನರನ್ನ ಗುಂಪು ಗುಂಪಾಗಿ ಮೇಲಕ್ಕೆ ನಾಳಿನ ಜಗತ್ತಿನ ಪ್ರದರ್ಶನಕ್ಕೆ ಕರ್ಕೊಂಡು ಹೋಗ್ತಿತ್ತು, ಅಲ್ಲಿ ಕೇಳಿಸ್ತಿದ್ದ ವಿಚಿತ್ರ ಸಂಗೀತ ಅಟಿಲಿಯೋ ಮಿನಿಯೋ ಅವರದ್ದು. ಅದರ ಎಲ್‌ಪಿ 'ಮ್ಯಾನ್ ಇನ್ ಸ್ಪೇಸ್ ವಿತ್ ಸೌಂಡ್ಸ್' ಫೇರಿನ ಸ್ಮರಣಿಕೆಯಾಗಿ ಮಾರಾಟ ಆಯ್ತು, ಆಮೇಲೆ ಎಲ್ಲರೂ ಮರೆತ್ರು, 90ರ ದಶಕದಲ್ಲಿ ಹಳೇ ಎಲೆಕ್ಟ್ರಾನಿಕ್ ಸದ್ದಿನ ಹುಚ್ಚಿರೋರು ಹುಡುಕಿ ತೆಗೆದ್ರು, 1998ರಲ್ಲಿ ಸಿಡಿನೂ ಬಂತು. ಇಂಥದ್ದಕ್ಕೆ ಬೇಡಿಕೆ ಇದೆ. ಒಸಾಕಾದ ರೆಕಾರ್ಡುಗಳಿಗೂ ಇದೆ. ನಿರೂಪಣೆಯ ರೆಕಾರ್ಡುಗಳಿಗೆ, ಡಿಸ್ನಿಯ ತುಂಬಾ ಮಾರಾಟವಾದ ಎಲ್‌ಪಿಗಳಿಗೆ ಅಷ್ಟಿಲ್ಲ. ಸ್ಮಾಲ್ ವರ್ಲ್ಡ್ ಎಲ್‌ಪಿ ವಿಷಯದಲ್ಲಿ ಪುಸ್ತಕ ಜೊತೆಗೇ ಇರೋದು ಒಳ್ಳೇದಾಯ್ತು, ಮಕ್ಕಳ ರೆಕಾರ್ಡ್ ಅಲ್ವಾ, ಎಷ್ಟೋ ಕಡೆ ಪುಸ್ತಕ ಹರಿದಿರುತ್ತೆ, ಬಣ್ಣದ ಪೆನ್ಸಿಲ್ಲಿನ ಗೀಚು ಇರುತ್ತೆ.

ಪೋಸ್ಟ್‌ಕಾರ್ಡ್ ಮೇಲಿನ 1961ರ ಬಗ್ಗೆ. ಅದು ಕಾರ್ಡ್ ಅಚ್ಚಾದ ವರ್ಷ ಅಲ್ಲ. ಫೇರಿನ ಗುರುತು ಯುನಿಸ್ಫಿಯರ್ ಅಂತ ದೊಡ್ಡ ಸ್ಟೀಲಿನ ಭೂಗೋಳ, ಯುನೈಟೆಡ್ ಸ್ಟೇಟ್ಸ್ ಸ್ಟೀಲ್ ಕಂಪನಿ ಕಟ್ಟಿಕೊಟ್ಟಿದ್ದು, ಸುಮಾರು 140 ಅಡಿ ಎತ್ತರ, ಈಗಲೂ ಆ ಪಾರ್ಕಲ್ಲಿ ನಿಂತಿದೆ. ಅದರ ವಿನ್ಯಾಸದ ಮೇಲೆ ಫೇರ್ ನಡೆಸಿದ ಕಾರ್ಪೊರೇಷನ್ನಿನ ಹೆಸರಲ್ಲಿ 1961ರ ಕಾಪಿರೈಟ್ ಇದೆ, ಆಮೇಲೆ 64, 65ರಲ್ಲಿ ಅಚ್ಚಾದ ಅಧಿಕೃತ ಸಾಮಾನುಗಳ ಮೇಲೂ ಅದೇ ಸಾಲು ಬಂತು, ಕಾರ್ಡು, ತಟ್ಟೆ, ಆಟದ ಸಾಮಾನು ಎಲ್ಲದರ ಮೇಲೂ. ಇದನ್ನ ನೋಡಿ 1961ರ ಅಪರೂಪದ ವಸ್ತು ಅಂತ ಮಾರೋರು ಇದ್ದಾರೆ, ನಂಬ್ಬೇಡಿ.

ರೆಕಾರ್ಡಿನ ಕಾಲ ತಿಳಿಬೇಕಂದ್ರೆ ಕವರ್ ಬಿಟ್ಟು ಪ್ಲೇಟ್ ನೋಡ್ಬೇಕು. ಲೇಬಲ್ ಸುತ್ತ, ಗೆರೆಗಳು ಮುಗಿದ ಮೇಲೆ ನುಣುಪಾದ ಜಾಗ ಇರುತ್ತಲ್ಲ, ಅದನ್ನ ಟಾರ್ಚ್ ಬೆಳಕಲ್ಲಿ ಓರೆಯಾಗಿ ಹಿಡಿದು ನೋಡಿ, ಕೊರೆದ ಅಥವಾ ಒತ್ತಿದ ಅಕ್ಷರ ಕಾಣುತ್ತೆ. ಆರ್‌ಸಿಎ ಕಸ್ಟಮ್ ವಿಭಾಗದವರು ಪ್ರೆಸ್ ಮಾಡಿದ್ರೆ ನಂಬರಿನ ಮೊದಲ ಅಕ್ಷರನೇ ವರ್ಷ ಹೇಳುತ್ತೆ: ಇಂಗ್ಲಿಷಿನ ಎನ್ ಇದ್ರೆ 1962, ಪಿ ಇದ್ರೆ 63, ಆರ್ ಇದ್ರೆ 64, ಎಸ್ ಇದ್ರೆ 65, ಟಿ ಇದ್ರೆ 66. ಜೊತೆಗೆ ಒಂಟಿಯಾಗಿ ಒಂದು ಅಕ್ಷರ ಒತ್ತಿದ್ರೆ ಅದು ಫ್ಯಾಕ್ಟರಿ ಗುರುತು, ಐ ಅಂದ್ರೆ ಇಂಡಿಯಾನಾಪೊಲಿಸ್, ಆರ್ ಅಂದ್ರೆ ರಾಕವೇ, ಎಚ್ ಅಂದ್ರೆ ಹಾಲಿವುಡ್. ಬೇರೆ ಕಂಪನಿ ಪ್ರೆಸ್ ಮಾಡಿದ್ರೆ ಲೆಕ್ಕ ಬೇರೆ. ಏನೇ ಇರಲಿ, ಎರಡೂ ಸೈಡಿನ ಅಕ್ಷರ ಒಂದೂ ಬಿಡದೆ ಒಂದು ಹಾಳೆ ಮೇಲೆ ಬರೆದು ಕವರ್ ಜೊತೆ ಇಡಿ, ಮುಂದೆ ನೋಡೋರಿಗೆ ಬಹಳ ಉಪಯೋಗ.

ಈಗ ಪ್ಲೇಯರ್. ದಯವಿಟ್ಟು ಆ ಹಳೇ ಪೋರ್ಟಬಲ್‌ನಲ್ಲಿ ಹಾಕ್ಬೇಡಿ, ಅದಕ್ಕೇ ಮೊದಲೇ ತಡೆದಿದ್ದು. ಅವುಗಳಲ್ಲಿ ಇರೋದು ಸೆರಾಮಿಕ್ ಕಾರ್ಟ್ರಿಡ್ಜ್ (ಸೂಜಿ ಕೂರಿಸಿರೋ ಭಾಗ), ತೂಕ ಜಾಸ್ತಿ, ಸೂಜಿ ಎಷ್ಟು ವರ್ಷದ್ದು ಯಾರಿಗೂ ಗೊತ್ತಿರಲ್ಲ. ಸವೆದ ಸೂಜಿ ಗೆರೆಯನ್ನ ಉಳಿ ತರ ಕೆರೆಯುತ್ತೆ, ಒಂದು ಸಲ ಕೆರೆದಿದ್ದು ವಾಪಸ್ ಬರಲ್ಲ. ರೆಕಾರ್ಡ್ ಸ್ಟೀರಿಯೋ ಆಗಿದ್ರೆ ಹಳೇ ಮೋನೋ ಕಾರ್ಟ್ರಿಡ್ಜ್ ಇನ್ನೂ ಅಪಾಯ, ಯಾಕಂದ್ರೆ ಸ್ಟೀರಿಯೋ ಗೆರೆಯಲ್ಲಿ ಸೂಜಿ ಮೇಲೆ ಕೆಳಗೂ ಅಲುಗಾಡಬೇಕು, ಆ ಹಳೇ ಮೋನೋ ಸೂಜಿ ಪಕ್ಕಕ್ಕೆ ಮಾತ್ರ ಅಲುಗಾಡೋ ಹಾಗೆ ಮಾಡಿದ್ದು. ಉಲ್ಟಾ ಮಾಡಿದ್ರೆ ತೊಂದರೆ ಇಲ್ಲ, ಈಗಿನ ಸ್ಟೀರಿಯೋ ಕಾರ್ಟ್ರಿಡ್ಜಿನಲ್ಲಿ ಮೋನೋ ರೆಕಾರ್ಡ್ ಧಾರಾಳವಾಗಿ ಹಾಕಬಹುದು. ಬೆಂಗಳೂರು ಮೈಸೂರಲ್ಲಿ ರೆಕಾರ್ಡ್ ಹುಚ್ಚಿರೋರು ಸಾಕಷ್ಟು ಜನ ಇದ್ದಾರೆ, ಒಳ್ಳೇ ಟರ್ನ್‌ಟೇಬಲ್ ಇರೋರ ಹತ್ರ ತಗೊಂಡು ಹೋಗಿ ಒಂದೇ ಸಲ ಸರಿಯಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಅದಕ್ಕೂ ಮುಂಚೆ ತೊಳೀಬೇಕು. ಟ್ರಂಕಲ್ಲಿ ಅಷ್ಟು ಮಳೆಗಾಲ ಕಳೆದಿವೆ ಅಂದ್ರೆ ಬೂಷ್ಟು ಹಿಡಿದೇ ಇರುತ್ತೆ, ಗೆರೆ ಮೇಲೆ ಬೆಳ್ಳಗೆ ಮಸುಕಾಗಿ ಚುಕ್ಕೆ ಚುಕ್ಕೆ ಕಾಣುತ್ತೆ, ಅದರ ಮೇಲೇ ಸೂಜಿ ಓಡಿಸಿದ್ರೆ ಕೊಳೆ ಗೆರೆಯೊಳಗೆ ಇನ್ನೂ ಗಟ್ಟಿಯಾಗಿ ಕೂರುತ್ತೆ. ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೆರಡು ಹನಿ, ಮೆತ್ತನೆ ಮೈಕ್ರೋಫೈಬರ್ ಬಟ್ಟೆ, ಗೆರೆ ಸುತ್ತೋ ದಿಕ್ಕಲ್ಲೇ ಒರೆಸಿ, ಅಡ್ಡಡ್ಡ ಉಜ್ಜಬೇಡಿ, ಲೇಬಲ್ ನೆನೆಸಬೇಡಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಲ್ಲಿ ಇನ್ನೊಂದು ಸಲ. ನೆರಳಲ್ಲಿ ನಿಲ್ಲಿಸಿ ಒಣಗಿಸಿ, ಬಿಸಿಲಿಗೆ ಇಡಲೇಬೇಡಿ, ವಿನೈಲ್ ಸೊಟ್ಟ ಆದ್ರೆ ಮತ್ತೆ ನೆಟ್ಟಗೆ ಮಾಡೋದು ಕಷ್ಟ. ಅದೇ ಟ್ರಂಕಲ್ಲಿ ಅರಗಿನ 78 ರೆಕಾರ್ಡುಗಳೂ ಇದ್ರೆ ಅವಕ್ಕೆ ಸ್ಪಿರಿಟ್ ಹತ್ತಿರಕ್ಕೂ ತರಬೇಡಿ, ಅರಗು ಕರಗಿಹೋಗುತ್ತೆ.

ಇಳಿಸುವಾಗ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ವೇವ್ ಫೈಲ್ ಮಾಡಿಸಿ, ಎಂಪಿ3 ಆಮೇಲೆ ಬೇಕಾದ್ರೆ ಮಾಡ್ಕೋಬಹುದು. ಚಿಟಪಟ ಸದ್ದು ತೆಗೆಯೋ ಸಾಫ್ಟ್‌ವೇರ್ ಹಾಕೋಕೆ ಮುಂಚೆ ಮೂಲ ಫೈಲ್ ಒಂದು ಹಾಗೇ ಎತ್ತಿಡಿ, ಎಷ್ಟೋ ಜನ ಮೊದಲೇ ಕ್ಲೀನ್ ಮಾಡಿಬಿಡ್ತಾರೆ, ನಿರೂಪಕನ ಸ ಶ ಅಕ್ಷರಗಳ ಜೀವನೇ ಹೋಗಿರುತ್ತೆ. ಕವರ್ ಮುಂದೆ ಹಿಂದೆ, ಪುಸ್ತಕದ ಪ್ರತಿ ಪುಟ, ಎರಡೂ ಲೇಬಲ್ ಸ್ಕ್ಯಾನ್ ಮಾಡಿಸಿ. ಫೈಲನ್ನ ಮನೇಲಿ ಇಟ್ಟುಕೊಂಡು ಕೇಳಿ, ನೆಟ್‌ಗೆ ಹಾಕೋ ಮುಂಚೆ ಮಾತ್ರ ಯೋಚಿಸಿ, ಯಾಕಂದ್ರೆ ಅಮೆರಿಕದ ಈಗಿನ ಕಾನೂನು ಪ್ರಕಾರ 1957ರಿಂದ 1972ರ ಫೆಬ್ರವರಿ ಮಧ್ಯದವರೆಗೆ ಹೊರಬಂದ ಧ್ವನಿಮುದ್ರಣಗಳಿಗೆ 2067ರ ಫೆಬ್ರವರಿ 15ರ ತನಕ ರಕ್ಷಣೆ ಇದೆ, ಡಿಸ್ನಿ ರೆಕಾರ್ಡು ಅಂದ್ರೆ ಅದನ್ನ ಹಗುರವಾಗಿ ತಗೊಳ್ಳೋ ಹಾಗಿಲ್ಲ.

ಇಡೋದು ಹೇಗೆ ಅಂದ್ರೆ, ನೆಟ್ಟಗೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಹಳೇ ಒಳಕವರ್ ಬೂಷ್ಟು ಹಿಡಿದಿದ್ರೆ ಎಸೀಬೇಡಿ, ಬೇರೆ ಚೀಲದಲ್ಲಿ ಜೊತೆಗಿಡಿ, ಪ್ಲೇಟಿಗೆ ಹೊಸ ಪಾಲಿಥೀನ್ ಒಳಕವರ್ ಹಾಕಿ. ಗಟ್ಟಿ ಪಿವಿಸಿ ಪ್ಲಾಸ್ಟಿಕ್ ಕವರ್ ಒಳ್ಳೇದಲ್ಲ, ವರ್ಷಗಳು ಕಳೆದಂತೆ ಪ್ಲೇಟಿನ ಮೇಲೆ ಮಂಜು ಹಿಡಿದ ಹಾಗೆ ಕಲೆ ಬಿಡುತ್ತೆ. ಮಳೆಗಾಲದಲ್ಲಿ ಹೊರಗೋಡೆಗೆ ತಾಗಿರೋ ಬೀರುವಲ್ಲಿ ಬೇಡ.

ಎರಡರಲ್ಲಿ ಒಂದನ್ನ ಮಾರೋ ಯೋಚನೆ ಇದ್ರೆ, ನನ್ನ ಮಾತು ಕೇಳಿ, ಬೇರೆ ಬೇರೆ ಮಾಡಬೇಡಿ. ಒಂದೇ ರೆಕಾರ್ಡ್ ಆಗಿ ಮಾರುಕಟ್ಟೇಲಿ ಅವು ಸಾಧಾರಣ ಸಾಮಾನು. ಆದ್ರೆ ಮೈಸೂರಿನ ಹುಡುಗ ಒಬ್ಬರು 1964-65ರಲ್ಲಿ ಅಲ್ಲಿಗೆ ಹೋಗಿ, ಅಷ್ಟೊಂದು ಪೆವಿಲಿಯನ್‌ಗಳಲ್ಲಿ ಈ ಎರಡನ್ನೇ ಆರಿಸಿ, ಸಮುದ್ರ ದಾಟಿಸಿ ತಂದು ಕಾಪಾಡಿದ್ದಾರೆ, ಜೊತೆಗೆ ಪೋಸ್ಟ್‌ಕಾರ್ಡ್ ಇದೆ. ಇಂಥ ಒಟ್ಟು ಗಂಟು ನಮ್ಮ ಕಡೆ ಸಿಗೋದು ತುಂಬಾ ಕಡಿಮೆ. ಟ್ರಂಕಲ್ಲಿ ಟಿಕೆಟ್ ಚೂರು, ಫೇರಿನ ಮ್ಯಾಪು, ಅವರು ಆ ವರ್ಷ ಮನೆಗೆ ಬರೆದ ಕಾಗದ ಏನಾದ್ರೂ ಇದ್ರೆ ಅದನ್ನೂ ಒಟ್ಟಿಗೆ ಇಡಿ. ದೊಡ್ಡಮ್ಮ ಅಥವಾ ಅವರ ಕಾಲದ ಬೇರೆ ಯಾರಾದ್ರೂ ಇದ್ರೆ ಈಗಲೇ ಕೇಳಿ ಬರೆದಿಟ್ಕೊಳ್ಳಿ: ಯಾವ ಸೀಸನ್ನಿಗೆ ಹೋಗಿದ್ರು, ಯಾರ ಜೊತೆ, ರೆಕಾರ್ಡ್ ಅಲ್ಲೇ ಕೊಂಡ್ರಾ ಯಾರಾದ್ರೂ ಕೊಟ್ರಾ. ಲೇಬಲ್ ಹತ್ರದ ಅಕ್ಷರಗಳ ಫೋಟೋ ತೆಗೆದು ಕಳಿಸಿದ್ರೆ ಯಾವ ಫ್ಯಾಕ್ಟರಿ, ಯಾವ ವರ್ಷ ಅಂತ ಖಂಡಿತ ನೋಡ್ತೀನಿ, ಓರೆ ಬೆಳಕಲ್ಲಿ ತೆಗೀರಿ, ಫ್ಲಾಶ್ ಹಾಕಿದ್ರೆ ಏನೂ ಕಾಣಲ್ಲ.